ಫ್ಯೂಸು ಕಾಯುವುದು ತಂತಿಯನ್ನು, ನಮ್ಮನ್ನಲ್ಲ

ಜೂನ್ ತಿಂಗಳ ಮಳೆ ಹಿಡಿದ ಮೇಲೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಒಂದು ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲೆ. ಆಗ ಎಲ್ಲರೂ ಜಗಲಿಗೆ ಬಂದು ಆಚೆ ಮನೆ ಕಡೆ ನೋಡುತ್ತಾರೆ. "ನಮ್ಮದು ಮಾತ್ರ ಹೋಗಿದ್ಯಾ, ಎಲ್ಲರದ್ದೂ ಹೋಗಿದ್ಯಾ?" ಕೇಳಬೇಕಾದ ಪ್ರಶ್ನೆಯೇ ಅದು. ಎಲ್ಲರದ್ದೂ ಹೋಗಿದ್ದರೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ನಮ್ಮದು ಮಾತ್ರ ಹೋಗಿದ್ದರೆ ಟಾರ್ಚ್ ಹಿಡಿದು ಮೀಟರ್ ಬೋರ್ಡಿನ ಹತ್ತಿರ ಹೋಗಬೇಕು. ಬಿಳಿ ಪಿಂಗಾಣಿ ಫ್ಯೂಸು ಇರುವ ಹಳೇ ಮನೆಗಳು ನಮ್ಮ ಕಡೆ ಇನ್ನೂ ಬೇಕಾದಷ್ಟಿವೆ.

ಎಡವಟ್ಟು ಶುರುವಾಗುವುದು ಅಲ್ಲಿಂದ. ಫ್ಯೂಸು ಕೀಳುವುದು, ಕೈಗೆ ಸಿಕ್ಕಿದ ತಂತಿ ಸುತ್ತುವುದು, ಮತ್ತೆ ತುರುಕುವುದು. ಬಲ್ಬು ಹತ್ತಿದ ಕೂಡಲೇ "ಬಂತು ಬಂತು" ಅಂತ ಮನೆಯವರೆಲ್ಲ ಒಳಗೆ ಹೋಗುತ್ತಾರೆ. ಯಾಕೆ ಹೋಗಿತ್ತು ಅಂತ ಕೇಳುವವರು ಕಮ್ಮಿ.

ಮೈನ್ ಸ್ವಿಚ್ ಆಫ್ ಮಾಡಿ, ಕಿತ್ತ ಫ್ಯೂಸನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿ. ತಂತಿ ನಡುವೆ ಮಾತ್ರ ಕರಗಿ, ಎರಡು ತುದಿಯಲ್ಲೂ ಸಾಸಿವೆಗಿಂತ ಸಣ್ಣ ಗುಂಡು ಕಟ್ಟಿದ್ದು, ಪಿಂಗಾಣಿ ಹೆಚ್ಚುಕಮ್ಮಿ ಬೆಳ್ಳಗೇ ಉಳಿದಿದ್ದರೆ ಅದು ಸಾಮಾನ್ಯವಾಗಿ ಓವರ್‌ಲೋಡ್. 1000 ವಾಟಿನ ಇಸ್ತ್ರಿಪೆಟ್ಟಿಗೆ 230 ವೋಲ್ಟಿನಲ್ಲಿ 4.3 ಆಂಪಿಯರ್ ಎಳೆಯುತ್ತದೆ. ಬಕೆಟ್ಟಿಗೆ ಇಳಿಬಿಡುವ 1500 ವಾಟಿನ ಕಾಯಿಲ್ 6.5 ಎಳೆಯುತ್ತದೆ. ಎರಡೂ ಒಟ್ಟಿಗೆ 5 ಆಂಪಿಯರ್ ಫ್ಯೂಸಿನ ಮೇಲೆ ಬಿದ್ದರೆ ತಂತಿ ಕಾದು ಕಾದು ಕೊನೆಗೆ ಕರಗುತ್ತದೆ. ಕಾಯಿಲ್ ಒಂದೇ 5 ಆಂಪಿಯರ್ ದಾಟುವುದರಿಂದ ಅದನ್ನು ತೆಗೆದು, ಅದೇ ಅಳತೆಯ ತಂತಿ ಕಟ್ಟಿದರೆ ಆಯಿತು.

ಕೆಲವೊಮ್ಮೆ ತಂತಿಯೇ ಕಾಣುವುದಿಲ್ಲ. ಪಿಂಗಾಣಿ ಮೇಲೆ ಮಸಿ ಹಿಡಿದಿರುತ್ತದೆ, ನಡುನಡುವೆ ತಾಮ್ರದ ಹೊಳೆಯುವ ಚುಕ್ಕಿ. ಇದು ಶಾರ್ಟ್. ಕರೆಂಟು ತರುವ ಫೇಸು, ವಾಪಸ್ ಒಯ್ಯುವ ನ್ಯೂಟ್ರಲ್ಲು ಎಲ್ಲೋ ತಾಗಿಕೊಂಡು ನೂರಾರು ಆಂಪಿಯರ್ ಒಮ್ಮೆಗೇ ನುಗ್ಗಿವೆ. ಕರಗಿ ಬೀಳಲೂ ಪುರುಸೊತ್ತಿಲ್ಲದೆ ತಂತಿ ಆವಿಯಾಗಿ ಹೋಗಿದೆ. ಇಂಥ ಫ್ಯೂಸಿಗೆ ಸುಮ್ನೆ ಹೊಸ ತಂತಿ ಕಟ್ಟಿ ಹಾಕಿದರೆ ಅದೂ ಹೋಗುತ್ತದೆ, ಜೊತೆಗೆ ಕೈ ಸುಟ್ಟರೂ ಸುಟ್ಟಿತು. ಅಟ್ಟದಲ್ಲಿ ಇಲಿ ಕಡಿದ ವೈರು, ಹೆಂಚಿನಿಂದ ನೀರಿಳಿದ ಬಲ್ಬ್ ಹೋಲ್ಡರು, ಸುಟ್ಟ ಪ್ಲಗ್ಗು, ಇವುಗಳಲ್ಲಿ ಯಾವುದು ಅಂತ ಎಲೆಕ್ಟ್ರಿಷಿಯನ್ ಹುಡುಕಲಿ.

ಅಷ್ಟು ಸಣ್ಣ ತಂತಿ ಹೇಗೆ ಈ ಕೆಲಸ ಮಾಡುತ್ತದೆ? ತಂತಿಯಲ್ಲಿ ಹುಟ್ಟುವ ಬಿಸಿಯ ಲೆಕ್ಕವನ್ನು 1841ರಲ್ಲಿ ಜೇಮ್ಸ್ ಜೌಲ್ ಪ್ರಕಟಿಸಿದ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ತಂತಿ ಸಪೂರ ಇದ್ದಷ್ಟೂ ಬಿಸಿ ಜಾಸ್ತಿ. 5 ಆಂಪಿಯರ್ ಫ್ಯೂಸ್ ತಂತಿಯ ದಪ್ಪ ಬರೀ 0.2 ಮಿಲಿಮೀಟರ್. ಗೋಡೆಯೊಳಗೆ ಲೈಟಿಗೆ ಎಳೆದಿರುವ 1.5 ಚದರ ಮಿಲಿಮೀಟರ್ ವೈರಿನ ತಾಮ್ರ ಅದಕ್ಕಿಂತ ಸುಮಾರು 48 ಪಟ್ಟು ದೊಡ್ಡದು. ಎರಡರಲ್ಲೂ ಹರಿಯುವ ಕರೆಂಟು ಒಂದೇ ಆದರೂ ಫ್ಯೂಸು ತಾಮ್ರ ಕರಗುವ 1085 ಡಿಗ್ರಿ ಮುಟ್ಟುವ ಹೊತ್ತಿಗೆ ಗೋಡೆಯ ವೈರು ಸ್ವಲ್ಪ ಬೆಚ್ಚಗಾಗಿರುತ್ತದೆ, ಅಷ್ಟೇ. ಹಾಗೇ ಇರಬೇಕು. ಯಾಕೆಂದರೆ ಆ ವೈರಿನ ಪಿವಿಸಿ ಹೊದಿಕೆ ಸಾಮಾನ್ಯವಾಗಿ 70 ಡಿಗ್ರಿವರೆಗೆ ಮಾತ್ರ ತಡೆಯುತ್ತದೆ.

ಈಗ ನಮ್ಮ ಜನರ ರಿಪೇರಿಗೆ ಬರೋಣ. ಫ್ಯೂಸ್ ತಂತಿ ಮನೆಯಲ್ಲಿ ಇರುವುದಿಲ್ಲ. ಮಿಕ್ಕ ವೈರಿನ ಸಿಪ್ಪೆ ತೆಗೆದು ಒಂದೆಳೆ ಎಳೆದು ಕಟ್ಟುತ್ತಾರೆ. ಬ್ರಿಟನ್ನಿನ ಟೆಲಿಗ್ರಾಫ್ ಎಂಜಿನಿಯರ್ ವಿಲಿಯಂ ಪ್ರೀಸ್ ಎಂಬಾತ 1880ರ ದಶಕದಲ್ಲೇ, ಯಾವ ದಪ್ಪದ ತಂತಿ ಎಷ್ಟು ಕರೆಂಟಿಗೆ ಕರಗುತ್ತದೆ ಅಂತ ಒಂದು ಸೂತ್ರ ಕೊಟ್ಟಿದ್ದ. ಅದರ ಪ್ರಕಾರ 0.2 ಮಿ.ಮೀ. ತಾಮ್ರ ಅಂದಾಜು 7 ಆಂಪಿಯರಿಗೆ ಕರಗುತ್ತದೆ. ವೈರಿನಿಂದ ಎಳೆದ ಎಳೆ ಸಾಮಾನ್ಯವಾಗಿ 0.3 ಮಿ.ಮೀ. ಇರುತ್ತದೆ. ಅದು ಕರಗಲು ಸುಮಾರು 13 ಆಂಪಿಯರ್ ಬೇಕು. "ಪದೇ ಪದೇ ಹೋಗ್ತದೆ ಮಾರಾಯ, ಗಟ್ಟಿ ಇರಲಿ" ಅಂತ ಎರಡೆಳೆ ಹೊಸೆದರೋ, ಹತ್ತಿರಹತ್ತಿರ 25. ಗೋಡೆಯೊಳಗಿನ ವೈರಿನ ತಾಕತ್ತೇ ಸುಮಾರು 15 ಆಂಪಿಯರ್. ಅಂದರೆ ಈಗ ಮೊದಲು ಸುಡುವುದು ಫ್ಯೂಸಲ್ಲ, ಗೋಡೆಯೊಳಗಿನ ವೈರು. ಮರದ ಅಟ್ಟ, ಒಣಗಿದ ತೊಲೆ ಇರುವ ಮನೆಯಲ್ಲಿ ಇದು ಆಟವಲ್ಲ. ಒಂದು ಸುತ್ತು ಫ್ಯೂಸ್ ತಂತಿ ತಂದು ಬೋರ್ಡಿನ ಪಕ್ಕ ನೇತುಹಾಕಿದರೆ ಈ ತಾಪತ್ರಯವೇ ಇಲ್ಲ.

ಸರಿಯಾದ ಅಳತೆಯ ಫ್ಯೂಸು ಕಟ್ಟಿದರೂ ಅದು ಕಾಯುವುದು ವೈರನ್ನು. ಮನುಷ್ಯರನ್ನಲ್ಲ. "ಶಾಕ್ ಹೊಡೆದರೆ ಫ್ಯೂಸು ಹೋಗ್ತದಲ್ವಾ?" ಎಂದು ಓದಿದವರೂ ಕೇಳುತ್ತಾರೆ. ಹೋಗುವುದಿಲ್ಲ. ಒದ್ದೆ ಮೈಯ ವಿದ್ಯುತ್ ರೋಧ ಸುಮಾರು 1000 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟ್ ತಾಗಿದರೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಹಳೇ 60 ವಾಟ್ ಬಲ್ಬು ಎಳೆಯುವುದೂ ಹೆಚ್ಚುಕಮ್ಮಿ ಅಷ್ಟೇ. ಫ್ಯೂಸಿನ ಪಾಲಿಗೆ ಬಚ್ಚಲುಮನೆಯಲ್ಲಿ ಒಬ್ಬರು ಸಾಯುತ್ತಿರುವುದೂ ಒಂದೇ, ಜಗಲಿಯಲ್ಲಿ ಬಲ್ಬು ಹತ್ತಿದ್ದೂ ಒಂದೇ. ಆದರೆ ಹೃದಯದ ಲಯ ತಪ್ಪಿಸಲು ಅಷ್ಟರ ಅರ್ಧವೂ ಬೇಡ.

ಫ್ಯೂಸು ಮನುಷ್ಯರಿಗೂ ನೆರವಾಗಬೇಕಾದರೆ ಅರ್ಥಿಂಗ್, ಅಂದರೆ ಉಪಕರಣದ ಲೋಹದ ಮೈಯಿಂದ ನೆಲಕ್ಕೆ ಎಳೆದ ವೈರು, ಚೆನ್ನಾಗಿರಬೇಕು. ಗೀಸರಿನ ಮೈಗೆ ಫೇಸ್ ತಾಗಿತು ಅನ್ನಿ. ಅರ್ಥಿಂಗ್ ಸರಿ ಇದ್ದರೆ ದೊಡ್ಡ ಕರೆಂಟು ಭೂಮಿಗೆ ಹರಿದು ಫ್ಯೂಸು ಹಾರುತ್ತದೆ. ಮಲೆನಾಡಿನ ತೇವದ ಮಣ್ಣಿಗೆ ಇದು ಅಷ್ಟು ಕಷ್ಟವಲ್ಲ. ಕಡೂರು, ಅರಸೀಕೆರೆಯ ಬಯಲಿನಲ್ಲಿ ಏಪ್ರಿಲ್ ಹೊತ್ತಿಗೆ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಅರ್ಥಿಂಗ್ ಗುಂಡಿಯ ರೋಧ 20 ಓಮಿಗೆ ಏರಿದರೆ ಹರಿಯುವುದು 11.5 ಆಂಪಿಯರ್ ಮಾತ್ರ. ಗೀಸರಿನ 15 ಆಂಪಿಯರ್ ಫ್ಯೂಸು ಜಪ್ಪಯ್ಯ ಅನ್ನುವುದಿಲ್ಲ. ನಲ್ಲಿ ಮಾತ್ರ ಶಾಕ್ ಹೊಡೆಯುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ.

"ನಾವು ಎಂಸಿಬಿ ಹಾಕಿಸಿದ್ದೇವೆ" ಎಂದು ನಿಶ್ಚಿಂತೆಯಿಂದ ಇರುವವರಿದ್ದಾರೆ. ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್, ಒಳ್ಳೆಯದೇ. ತಪ್ಪು ತಂತಿ ಕಟ್ಟುವ ಅವಕಾಶವೇ ಅದರಲ್ಲಿಲ್ಲ. ಆದರೆ ಅದೂ ವೈರಿನ ಕಾವಲಿಗೆ ಇರುವುದೇ. ಮೈಗೆ ಹರಿಯುವ ಕರೆಂಟನ್ನು ಕಂಡುಹಿಡಿಯುವುದು ಆರ್‌ಸಿಸಿಬಿ ಎಂಬ ಇನ್ನೊಂದು ಸ್ವಿಚ್. ಫೇಸಿನಲ್ಲಿ ಹೋದಷ್ಟು ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. 0.03 ಆಂಪಿಯರ್ ಲೆಕ್ಕ ತಪ್ಪಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಫ್. ಮನೆಗೆ ಒಂದೇ ಒಂದು ಖರ್ಚು ಮಾಡುವುದಿದ್ದರೆ ಇದಕ್ಕೇ ಮಾಡಿ. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ, ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಒಂದು ಕೈಲಿ ಫೇಸು, ಇನ್ನೊಂದರಲ್ಲಿ ನ್ಯೂಟ್ರಲ್ಲು ಹಿಡಿದರೆ ಆರ್‌ಸಿಸಿಬಿಯೂ ಕಾಪಾಡಲಾರದು. ಅದಕ್ಕೆ ಹೋದ ಕರೆಂಟು ವಾಪಸ್ ಬಂದ ಹಾಗೇ ಕಾಣುತ್ತದೆ.

ತೋಟಗಳಲ್ಲಿ ಮೆಣಸು ಕೊಯ್ಯುವಾಗ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಜೀವ ಹೋಗುವುದು ಕಾಫಿ ಸೀಮೆಯಲ್ಲಿ ಹೊಸದಲ್ಲ. 11,000 ವೋಲ್ಟಿನ ಲೈನಿಗೆ ಮನೆಯ ಫ್ಯೂಸು, ಆರ್‌ಸಿಸಿಬಿ ಯಾವುದೂ ಲೆಕ್ಕಕ್ಕಿಲ್ಲ. ಒದ್ದೆ ಬಿದಿರಿನ ಏಣಿಯನ್ನೂ ನಂಬುವಂತಿಲ್ಲ. ಲೈನಿನ ಕೆಳಗಿನ ಸಾಲಿನಲ್ಲಿ ಕೆಲಸವಿದ್ದರೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಬೇಕು.

ಇನ್ನು ಯುಪಿಎಸ್, ಜನರೇಟರ್. ಮೈನ್ ಸ್ವಿಚ್ ಆಫ್ ಮಾಡಿದರೂ ಯುಪಿಎಸ್‌ನಿಂದ ಬರುವ ವೈರುಗಳಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಅದನ್ನೂ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿದ ಮೇಲೇ ಕೈ ಹಾಕಿ. ಜನರೇಟರ್ ಇರುವವರು, ಲೈನಿನ ಕರೆಂಟು ಇಲ್ಲವೇ ಜನರೇಟರಿನದು, ಒಂದನ್ನು ಮಾತ್ರ ಮನೆಗೆ ಬಿಡುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ಲೈನಿಗೆ ಕೊಡಲೇಬಾರದು. ಮೈನ್ ಆನ್ ಇದ್ದರೆ ಆ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಕಂಬಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು 11,000 ವೋಲ್ಟಿಗೆ ಏರಿಸುತ್ತದೆ. ಅಲ್ಲಿ ಮಳೆಯಲ್ಲಿ ನೆನೆಯುತ್ತಾ ನಮ್ಮದೇ ಲೈನ್ ಸರಿಮಾಡಲು ಕಂಬ ಹತ್ತಿದ ಪವರ್‌ಮ್ಯಾನ್ ಇರುತ್ತಾನೆ.

ಕಂಬದ ಫ್ಯೂಸು, ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸು ಹೋದರೆ ಅದು ವಿದ್ಯುತ್ ಕಂಪನಿಯವರ ಕೆಲಸ. ಕೋಲು ಹಿಡಿದು ನಾವೇ ಹೊರಡುವುದಲ್ಲ. ಹಾಸನ ಸೆಸ್ಕ್ ಎಂಬ ವಿದ್ಯುತ್ ಕಂಪನಿಗೆ ಸೇರುತ್ತದೆ, ಚಿಕ್ಕಮಗಳೂರು ಮೆಸ್ಕಾಂಗೆ. ಎರಡಕ್ಕೂ ದೂರು ಕೊಡುವ ನಂಬರ್ 1912.