ಬಿರುಕಿನಿಂದ ಹುಟ್ಟಿದ ಗವಿ

"ದೊಡ್ಡಮ್ಮ, ಇದನ್ನ ಯಾರು ಅಗೆದಿದ್ದು?"

ಕೋಲಾರದ ಅಂತರಗಂಗೆ ಬೆಟ್ಟದ ಗವಿಯೊಳಗೆ ಇಳಿದ ಕೂಡಲೇ ತಂಗಿಯ ಮಗಳು ಕೇಳಿದ ಪ್ರಶ್ನೆ ಇದು. ಮನೆಮಂದಿಯೆಲ್ಲ ಸೇರಿ ಹೋಗಿದ್ದೆವು. ಇಷ್ಟು ಹತ್ತಿರದಲ್ಲಿದ್ದರೂ ಗವಿಯೊಳಗೆ ನಾನೂ ಕಾಲಿಟ್ಟಿದ್ದು ಅದೇ ಮೊದಲು. ದಾರಿ ತೋರಿಸಲು ಬಂದ ಹುಡುಗ ಟಾರ್ಚ್ ಹಿಡಿದು ಮುಂದೆ ಹೋಗುತ್ತಿದ್ದ. ನಾವು ಒಂದು ಕಡೆ ಕೂತು, ಇನ್ನೊಂದು ಕಡೆ ಮಲಗಿ, ಮೈಯನ್ನು ಅಡ್ಡ ಮಾಡಿಕೊಂಡು ತೂರುತ್ತಿದ್ದೆವು.

ಯಾರೂ ಅಗೆದಿಲ್ಲ. ತಲೆಯ ಮೇಲಿದ್ದುದು ಗುಂಡು ಬಂಡೆ, ಪಕ್ಕದಲ್ಲಿದ್ದುದೂ ಗುಂಡು ಬಂಡೆ. ಬಂಡೆಯ ಮೇಲೆ ಬಂಡೆ ಬಿದ್ದಾಗ ನಡುವೆ ಉಳಿದ ಸಂದಿಯೇ ಈ ಗವಿ. ಆದರೆ ಬಂಡೆಗಳು ಗುಂಡಗಾಗಿದ್ದು ಹೇಗೆ?

ಇಲ್ಲಿನ ಕಲ್ಲು ಸುಮಾರು 250 ಕೋಟಿ ವರ್ಷಕ್ಕೂ ಹಳೆಯದು. ಭೂಮಿಯ ಆಳದಲ್ಲಿ ಕಾದು, ನಿಧಾನವಾಗಿ ಆರಿ ಗಟ್ಟಿಯಾದದ್ದು. ಮೇಲಿದ್ದ ಪದರಗಳು ಕಾಲಾಂತರದಲ್ಲಿ ಸವೆದು ಹೋದವು. ಹೊತ್ತಿದ್ದ ಭಾರ ಇಳಿದಂತೆ ಕಲ್ಲು ಕೊಂಚ ಹಿಗ್ಗಿ ಬಿರುಕು ಬಿಟ್ಟಿತು. ಉದ್ದಕ್ಕೂ ಅಡ್ಡಕ್ಕೂ ಬಿರುಕು ಬಿದ್ದ ಮೇಲೆ ಅದು ದೊಡ್ಡ ದೊಡ್ಡ ಚೌಕಗಳಾಯಿತು. ಆ ಬಿರುಕುಗಳಿಗೆ ಮಳೆನೀರು ಇಳಿಯಿತು.

ನಾನು ಗೋಡೆಯನ್ನು ಬೆರಳಿನಿಂದ ಉಜ್ಜಿದೆ. ಅಂಗೈಗೆ ಒಂದಿಷ್ಟು ಗರಸು ಉದುರಿತು. ಟಾರ್ಚ್ ಬೆಳಕಿಗೆ ಹಿಡಿದರೆ ಮೂರು ಬಗೆಯ ಕಣ ಕಂಡವು. ಗಾಜಿನಂಥ ಬೆಣಚುಕಲ್ಲು, ಮಂಕು ಬಿಳಿಯ ಫೆಲ್ಡ್‌ಸ್ಪಾರ್, ಮಿಣಮಿಣ ಹೊಳೆಯುವ ಕಾಗೆಬಂಗಾರ. ಮಳೆನೀರು ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಒಂಚೂರು ಆಮ್ಲವಾಗುತ್ತದೆ. ಈ ನೀರು ಸೋಕಿ ಸೋಕಿ ಫೆಲ್ಡ್‌ಸ್ಪಾರ್ ಜೇಡಿಮಣ್ಣಾಗುತ್ತದೆ. ಬೆಣಚು ಮಾತ್ರ ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ.

ತಂಗಿಯ ಮಗಳ ಕೈಯಲ್ಲಿ ದೇವಸ್ಥಾನದಲ್ಲಿ ಕೊಟ್ಟ ಕಲ್ಲುಸಕ್ಕರೆ ಇತ್ತು. "ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತಿಗೆ ತೆಗೆದು ನೋಡು" ಎಂದೆ. ಚೂಪು ಮೂಲೆಗಳೇ ಮೊದಲು ಕರಗಿದ್ದವು. ಮೂಲೆಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಬಂಡೆಯದ್ದೂ ಇದೇ ಕಥೆ. ಚೌಕ ಬಂಡೆ ಮಣ್ಣಿನೊಳಗೇ ಗುಂಡಗಾಯಿತು. ಆಮೇಲೆ ಮಳೆ ಸುತ್ತಲಿನ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಗುಂಡುಗಳು ಉರುಳಿ ಒಂದರ ಮೇಲೊಂದು ನಿಂತವು.

ಆಂಧ್ರದ ಬೇಲಂ ಗುಹೆಯ ಫೋಟೋ ನೋಡಿದ್ದ ತಮ್ಮನಿಗೆ ಸ್ವಲ್ಪ ಬೇಜಾರಾಯಿತು. ಅಲ್ಲಿ ಚಾವಣಿಯಿಂದ ಕಲ್ಲಿನ ಕೋಲುಗಳು ನೇತಾಡುತ್ತವೆ, ಇಲ್ಲಿ ಒಂದೂ ಇಲ್ಲ. ಬೇಲಂನದು ಸುಣ್ಣಕಲ್ಲು. ಅದೇ ಮಳೆನೀರಿಗೆ ಸುಣ್ಣಕಲ್ಲು ಕರಗಿಯೇ ಹೋಗುತ್ತದೆ. ಹಾಗೆ ಕರಗಿ ಕರಗಿ ಆ ಗುಹೆ 3,229 ಮೀಟರ್ ಉದ್ದ ಬೆಳೆದಿದೆ. ಕರಗಿದ ಸುಣ್ಣವೇ ಹನಿಹನಿಯಾಗಿ ಇಳಿದು ಮತ್ತೆ ಕಲ್ಲಾಗುತ್ತದೆ. ನಮ್ಮ ಕಲ್ಲಲ್ಲಿ ಹಾಗೆ ಕರಗುವ ಸುಣ್ಣವೇ ಇಲ್ಲ, ಕೋಲು ಎಲ್ಲಿಂದ ಬರಬೇಕು? ನನಗಂತೂ ನಮ್ಮ ಗವಿಯೇ ಜಾಸ್ತಿ ಇಷ್ಟ. ಹೇಗಾಯಿತು ಅನ್ನುವುದನ್ನು ಕೈಯಲ್ಲೇ ಮುಟ್ಟಿ ನೋಡಬಹುದು.

ಒಳಗೆ ತಂಪು. ಬಿಸಿಲು ತಾಗುವುದಿಲ್ಲ, ಇಷ್ಟು ದಪ್ಪ ಕಲ್ಲು ಬೇಗ ಕಾಯುವುದೂ ಇಲ್ಲ. ಹಾಗಂತ ನೆಲದಡಿ ಎಲ್ಲ ಕಡೆ ತಂಪು ಅಂದುಕೊಳ್ಳಬೇಡಿ. ಹತ್ತಿರದ ಕೆಜಿಎಫ್‌ನಲ್ಲಿ ಚಿನ್ನದ ಗಣಿ 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದಿತ್ತು. ತಳದಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟಿತ್ತು. 2001ರಲ್ಲಿ ಗಣಿ ಮುಚ್ಚುವವರೆಗೂ ಜನ ಆ ಸೆಖೆಯಲ್ಲೇ ದುಡಿದರು.

ಇಳಿಯುವಾಗ ಕಾಶಿ ವಿಶ್ವೇಶ್ವರನ ಗುಡಿ ಹತ್ತಿರ ಕೂತೆವು. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿತ್ತು. ಗಟ್ಟಿ ಕಲ್ಲು ನೀರು ಹಿಡಿಯುವುದಿಲ್ಲ, ಬಿರುಕು ಹಿಡಿಯುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಬಿರುಕಿನಿಂದ ಬಿರುಕಿಗೆ ಜಿನುಗುತ್ತಾ ತಗ್ಗಿನಲ್ಲಿ ಹೊರಗೆ ಬರುತ್ತದೆ. ನಮ್ಮ ಕಡೆ ಸಾವಿರ ಅಡಿ ಕೊರೆಸಿದರೂ ಒಬ್ಬರಿಗೆ ನೀರು ಸಿಕ್ಕಿ, ಪಕ್ಕದ ಹೊಲದವರಿಗೆ ಬರೀ ಕಲ್ಲುಪುಡಿ ಬರುತ್ತದಲ್ವಾ? ಬೋರ್‌ವೆಲ್ ಕೂಡ ಹುಡುಕುವುದು ನೀರಿರುವ ಬಿರುಕನ್ನೇ.

ಮಗಳು ಬಸವನ ಬಾಯಿಗೆ ಒಂದು ಲೀಟರ್ ಬಾಟಲಿ ಹಿಡಿದು ಒಂದು, ಎರಡು ಎಂದು ಎಣಿಸಿದಳು. ಬಾಟಲಿ ತುಂಬಿದಾಗ ಬಂದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಏಪ್ರಿಲ್‌ನಲ್ಲಿ ಅದೇ ಬಾಟಲಿ ಹಿಡಿದು ಮತ್ತೆ ಹೋಗುತ್ತೇವೆ.