ರೈಲಿನ ಕಿಟಕಿಯಿಂದ ಕಂಡ ಕಪ್ಪು ಮಣ್ಣು

ಮಣ್ಣು ಕಪ್ಪಗಿದ್ದರೆ ಸಾಕು, ಏನು ಬಿತ್ತಿದರೂ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ನೂರಾ ನಲವತ್ತು ವರ್ಷಗಳ ಹಿಂದೆ ಇದೇ ನಂಬಿಕೆಯನ್ನು ಸಿರಿವಂತರಿಗೆ ರೈಲಿನಲ್ಲಿ ಕೂರಿಸಿ ಮಾರಿದ್ದರು.

1880ರ ದಶಕದಲ್ಲಿ ಇಂಗ್ಲೆಂಡಿನ ದುಡ್ಡಿದ್ದವರಿಗೆ ಉತ್ತರ ಅಮೆರಿಕದ ಗೋಧಿ ಹೊಲಗಳನ್ನು ನೋಡಿ ಬರುವುದು ಒಂದು ಶೋಕಿ. ಹೆರೆಫರ್ಡ್‌ಶೈರಿನ ಜಮೀನ್ದಾರ ಹೆನ್ರಿ ಬಾರ್ನೆಬಿ 1883ರಲ್ಲಿ ಅಮೆರಿಕದ ಪಶ್ಚಿಮ ಭಾಗ, ಕೆನಡಾದ ಮ್ಯಾನಿಟೋಬಾ ಎಲ್ಲ ಸುತ್ತಿ ಬಂದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಯ ಅಧ್ಯಕ್ಷ ಹೆನ್ರಿ ವಿಲ್ಲಾರ್ಡ್, ಹಳಿ ಪೂರ್ತಿಯಾದ ಸಂಭ್ರಮಕ್ಕೆ ಯುರೋಪಿನ ಗಣ್ಯರನ್ನು ವಿಶೇಷ ರೈಲುಗಳಲ್ಲಿ ಕರೆದೊಯ್ದ. ಬ್ರಿಟನ್ನಿನ ಸಂಸದ ಜೇಮ್ಸ್ ಬ್ರೈಸ್ ಕೂಡ ಆ ತಂಡದಲ್ಲಿದ್ದ.

ದಾರಿಯಲ್ಲಿ ಸಿಗುವುದು ಡಕೋಟದ ರೆಡ್ ರಿವರ್ ಕಣಿವೆ. ಕಲ್ಲಿಲ್ಲ, ದಿಬ್ಬವಿಲ್ಲ, ಕಣ್ಣು ಹಾಯಿಸಿದಷ್ಟು ದೂರ ಚಪ್ಪಟೆ ನೆಲ. ಇದು ಹಿಮಯುಗದ ಕೊನೆಯಲ್ಲಿದ್ದ ಅಗಾಸಿ ಎಂಬ ಭಾರಿ ಸರೋವರದ ತಳ.

ಅಲ್ಲಿನ ದೈತ್ಯ ಹೊಲಗಳು ಹಳಿಯ ಪಕ್ಕದಲ್ಲೇ ಇದ್ದದ್ದಕ್ಕೂ ಒಂದು ಕಥೆಯಿದೆ. ಸರ್ಕಾರ ರೈಲು ಕಂಪನಿಗೆ ಹಳಿಯ ಎರಡೂ ಬದಿ ಲಕ್ಷಗಟ್ಟಲೆ ಎಕರೆ ಬರೆದುಕೊಟ್ಟಿತ್ತು. ಅದು ಯಾರ ನೆಲ ಅಂತ ಮೂಲನಿವಾಸಿಗಳನ್ನು ಕೇಳಿದರೆ ಉತ್ತರ ಬೇರೆಯೇ ಬರುತ್ತಿತ್ತು, ಬಿಡಿ. 1873ರಲ್ಲಿ ಕಂಪನಿಗೆ ಸಾಲ ಎತ್ತಿಕೊಡುತ್ತಿದ್ದ ಜೇ ಕುಕ್ ದಿವಾಳಿಯಾದ, ಕಂಪನಿಯ ಸಾಲಪತ್ರಗಳಾದ ಬಾಂಡುಗಳ ಬೆಲೆ ನೆಲಕಚ್ಚಿತು. ಬಾಂಡು ಕೊಟ್ಟು ಜಮೀನು ತೆಗೆದುಕೊಳ್ಳಲು ಅವಕಾಶವಿತ್ತು. ಕಂಪನಿಯ ದೊಡ್ಡವರಾದ ಜಾರ್ಜ್ ಕ್ಯಾಸ್ ಮತ್ತು ಬೆಂಜಮಿನ್ ಚೀನಿ ಹಾಗೇ ಮಾಡಿದರು. ಬೇಸಾಯಕ್ಕೆ ಆಲಿವರ್ ಡಾಲ್ರಿಂಪಲ್‌ನನ್ನು ಕರೆಸಿದರು. ಬೆಳೆ ಚೆನ್ನಾಗಿ ಬಂದರೆ ಉಳಿದ ಜಮೀನೂ ಮಾರಾಟವಾಗುತ್ತದೆ, ಅಲ್ವಾ? 1878ರಲ್ಲಿ ಅಮೆರಿಕದ ಅಧ್ಯಕ್ಷ ಹೇಯ್ಸ್ ಕೂಡ ಬಂದು ನೋಡಿಹೋದರು. ಹೊಲವೇ ಜಾಹೀರಾತಾಗಿತ್ತು.

ಈಗ ನನಗಿಷ್ಟವಾದ ಭಾಗಕ್ಕೆ ಬರೋಣ. ಡಾಲ್ರಿಂಪಲ್ 1875ರಲ್ಲಿ ಉಳುಮೆ ಶುರು ಮಾಡಿದ, ಮೊದಲ ಗೋಧಿ ಕೊಯ್ದದ್ದು 1876ರಲ್ಲಿ. ನಡುವೆ ಯಾಕೆ ಅಷ್ಟು ಕಾಯಬೇಕು?

ಪ್ರೇರಿ ಅಂದರೆ ಅಲ್ಲಿನ ಹುಲ್ಲುಗಾವಲಿನ ಬಯಲು. ಅದರ ಹುಲ್ಲಿನ ಸಂಪತ್ತೆಲ್ಲ ಬೇರಿನಲ್ಲಿ. ಪ್ರತಿ ವರ್ಷ ಒಂದಷ್ಟು ಬೇರು ಸಾಯುತ್ತದೆ. ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುವುದರಿಂದ ಸೂಕ್ಷ್ಮಜೀವಿಗಳಿಗೆ ಅದನ್ನೆಲ್ಲ ತಿಂದು ಮುಗಿಸಲು ಆಗುವುದಿಲ್ಲ. ಉಳಿದದ್ದು ಹ್ಯೂಮಸ್, ಅಂದರೆ ಕೊಳೆತು ಕಪ್ಪಾದ ಸಾವಯವ ಅಂಶ ಆಗಿ ಸಾವಿರಾರು ವರ್ಷ ಕೂಡುತ್ತ ಬಂತು. ಬಯಲುಸೀಮೆಯಲ್ಲಿ ಕಾಳು ತುಂಬಿಡಲು ನೆಲದೊಳಗೆ ತೋಡುವ ಹಗೇವು ಇದ್ದ ಹಾಗೆ. ಬಾಯಿ ಮುಚ್ಚಿದ ಹಗೇವಿನೊಳಗೆ ಗಾಳಿ ಕಡಿಮೆ, ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದಿರೋ, ಹುಳಕ್ಕೂ ಸುಗ್ಗಿ, ನಿಮಗೂ ಸುಗ್ಗಿ. ನೇಗಿಲು ಮಾಡಿದ್ದು ಇದನ್ನೇ.

ಜೂನ್ ಹೊತ್ತಿಗೆ ಹುಲ್ಲಿನ ಬೇರು ಹೆಣೆದುಕೊಂಡ ಮೇಲ್ಪದರವನ್ನು ತೆಳ್ಳಗೆ, ಎರಡು ಮೂರು ಅಂಗುಲ ಸೀಳಿ ಬೇರು ಮೇಲಾಗುವಂತೆ ಮಗುಚುತ್ತಿದ್ದರು. ಅದು ಬಿಸಿಲಲ್ಲಿ ಒಣಗಿ ಕೊಳೆಯಬೇಕು. ಬೇಸಿಗೆ ಮುಗಿಯುವಾಗ ಇನ್ನೊಂಚೂರು ಆಳಕ್ಕೆ ಉತ್ತು ಅದೇ ಪಟ್ಟಿಯನ್ನು ತಿರುಗಿ ಮಗುಚುತ್ತಿದ್ದರು. ಹಸಿ ಬೇರಿನಲ್ಲಿ ಕಾರ್ಬನ್ ಜಾಸ್ತಿ, ನೈಟ್ರೋಜನ್ ಕಡಿಮೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಸುತ್ತಲಿನ ನೈಟ್ರೋಜನ್ನನ್ನೂ ಹೀರಿಕೊಳ್ಳುತ್ತವೆ. ಆಗಲೇ ಬಿತ್ತಿದರೆ ಪೈರು ಬಡಕಲಾಗುತ್ತದೆ. ಬೇರು ಕರಗಿದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಹ್ಯೂಮಸ್‌ನಲ್ಲಿ ಹತ್ತು ಹನ್ನೆರಡು ಪಾಲು ಕಾರ್ಬನ್‌ಗೆ ಒಂದು ಪಾಲು ನೈಟ್ರೋಜನ್ ಇರುತ್ತದೆ. ಬ್ಯಾಕ್ಟೀರಿಯಾ ಅದನ್ನು ತಿಂದಾಗ ಕಾರ್ಬನ್ ಗಾಳಿಗೆ ಹೋಗುತ್ತದೆ, ಮಿಕ್ಕ ನೈಟ್ರೋಜನ್ ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಆಗಿ ಗೋಧಿಯ ಬೇರಿಗೆ ಸಿಗುತ್ತದೆ. ಗೊಬ್ಬರ ಹಾಕದೆ ಬಂದ ಬಂಪರ್ ಬೆಳೆಯ ಗುಟ್ಟು ಇಷ್ಟೇ.

ಕಿಟಕಿಯಲ್ಲಿ ಕೂತವರಿಗೆ ಕಂಡದ್ದು ಆ ಬೆಳೆ ಮಾತ್ರ. ಮಣ್ಣು ಎಂದೂ ಬರಿದಾಗದು ಎಂದು ಪ್ರಚಾರದವರು ಹೇಳಿದ್ದನ್ನು ನಂಬಿದರು. ಗೋಧಿಯ ಒಣಹುಲ್ಲು ಸುಟ್ಟರೂ ಗೊಬ್ಬರ ಬಿಸಾಡಿದರೂ ಕೇಳುವವರಿರಲಿಲ್ಲ. ಪ್ರೇರಿಯ ಉತ್ತ ನೆಲಗಳು ಮುಂದೆ ತಮ್ಮ ಮೇಲ್ಮಣ್ಣಿನ ಕಾರ್ಬನ್‌ನಲ್ಲಿ ಮೂರನೇ ಒಂದರಿಂದ ಅರ್ಧದಷ್ಟನ್ನು ಕಳೆದುಕೊಂಡವು.

ಇಂಗ್ಲೆಂಡಿನಲ್ಲೇ ಲೆಕ್ಕ ಗೊತ್ತಿದ್ದವರೂ ಇದ್ದರು. ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಜಾನ್ ಲಾಸ್ ಮತ್ತು ಹೆನ್ರಿ ಗಿಲ್ಬರ್ಟ್ ಅದೇ ದಶಕದಲ್ಲಿ ಮ್ಯಾನಿಟೋಬಾದ ಮಣ್ಣು ತರಿಸಿ ನೈಟ್ರೋಜನ್ ಅಳೆದರು. ಶ್ರೀಮಂತಿಕೆ ನಿಜ, ಆದರೆ ಅದು ಕೂಡಿಟ್ಟ ಗಂಟು ಎಂದು ಅವರಿಗೆ ತಿಳಿದಿತ್ತು. ಸುಮ್ನೆ ಊಹೆಯಲ್ಲ. ಅವರ ಬ್ರಾಡ್‌ಬಾಕ್ ಎಂಬ ಪ್ರಯೋಗದ ಗೋಧಿ ಹೊಲದ ಒಂದು ಪಟ್ಟಿಗೆ 1843ರಿಂದ ಗೊಬ್ಬರವನ್ನೇ ಹಾಕಿರಲಿಲ್ಲ.

ಹಾಗಂತ ಆ ನೆಲವೆಲ್ಲ ಸತ್ತೇ ಹೋಯಿತು ಎನ್ನುವ ಇನ್ನೊಂದು ಉತ್ಪ್ರೇಕ್ಷೆಯೂ ಬೇಡ. ಬ್ರಾಡ್‌ಬಾಕ್‌ನ ಆ ಪಟ್ಟಿ ಇವತ್ತಿಗೂ ಹೆಕ್ಟೇರಿಗೆ ಸುಮಾರು ಒಂದು ಟನ್ ಗೋಧಿ ಕೊಡುತ್ತದೆ. ಇಳಿಯುತ್ತ ಬಂದ ಹ್ಯೂಮಸ್ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ.

ನಮ್ಮ ಧಾರವಾಡ, ರಾಯಚೂರು ಕಡೆಯ ಎರೆ ಭೂಮಿಗೆ ಪ್ರೇರಿಯ ಲೆಕ್ಕ ಹೊಂದುವುದಿಲ್ಲ. ಕಪ್ಪು ಬಣ್ಣ ನೋಡಿ ಹ್ಯೂಮಸ್ ತುಂಬಿದೆ ಎಂದುಕೊಂಡರೆ ತಪ್ಪು. ಅಲ್ಲಿ ಸಾವಯವ ಕಾರ್ಬನ್ ಸಾಮಾನ್ಯವಾಗಿ ಶೇಕಡ 1ಕ್ಕಿಂತ ಕಡಿಮೆ. ಆ ಮಣ್ಣಿನ ಶಕ್ತಿ ನೀರು ಹಿಡಿದಿಡುವ ಜೇಡಿಯಲ್ಲಿದೆ. ಹಿಂಗಾರಿ ಜೋಳ ಮಳೆಯಿಲ್ಲದೆ ತೆನೆ ಕಟ್ಟುವುದು ಆ ತೇವದಿಂದ.