ಸೆಕೆಯ ಊರಿಗೆ ಬಂದ ಹಿಮದ ನಾಯಿ

ನಮ್ಮ ಮೇಲಿನ ಮನೆಯ ಹಸ್ಕಿ ನಾಯಿಗೆ ಬೇಸಿಗೆಯಲ್ಲಿ ಒಂದೇ ಜಾಗ ಇಷ್ಟ. ಬಚ್ಚಲುಮನೆ. ನಾವಿರುವುದು ಮಂಗಳೂರಿನ ಬಿಜೈಯಲ್ಲಿ. ಏಪ್ರಿಲ್ ಬಂತೆಂದರೆ ಅದು ಟೈಲ್ಸ್ ಮೇಲೆ ಹೊಟ್ಟೆ ಒತ್ತಿ, ನಾಲ್ಕೂ ಕಾಲು ಚಾಚಿ ಮಲಗಿಬಿಡುತ್ತದೆ. ನಾಲಿಗೆ ಹೊರಗೆ, ಉಸಿರು ಜೋರು. ಬ್ರಹ್ಮಾವರದಿಂದ ಬಂದಿದ್ದ ಅಮ್ಮ ಒಮ್ಮೆ ಅದನ್ನು ನೋಡಿ, "ಪಾಪ, ಇಷ್ಟು ಕೂದಲು ಇಟ್ಕೊಂಡು ಅದಕ್ಕೆ ಸೆಕೆ ಆಗುದಿಲ್ವಾ ಮಾರಾಯ್ತಿ?" ಎಂದು ಕೇಳಿದರು.

ಆಗುತ್ತದೆ. ತುಂಬಾ ಆಗುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಆ ನಾಯಿ ಎಲ್ಲಿಂದ ಬಂತು, ಅಲ್ಲಿ ಅದಕ್ಕೆ ಏನು ಕೆಲಸ ಇತ್ತು ಎಂದು ನೋಡಬೇಕು.

ಹಸ್ಕಿಯ ಮೂಲ ಸೈಬೀರಿಯಾದ ಈಶಾನ್ಯ ಮೂಲೆ. ಅಲ್ಲಿನ ಚುಕ್ಚಿ ಜನ ಜಾರುಬಂಡಿ ಎಳೆಯಲು ಇವುಗಳನ್ನು ಸಾಕುತ್ತಿದ್ದರು. ಹಗುರ ಭಾರ, ಬಹಳ ದೂರ, ಕಡಿಮೆ ಊಟ. ಇದು ಅವುಗಳ ಬದುಕು. 1925ರ ಚಳಿಗಾಲದಲ್ಲಿ ಅಲಾಸ್ಕಾದ ನೋಮ್ ಎಂಬ ಊರಿನಲ್ಲಿ ಡಿಫ್ತೀರಿಯಾ ಎಂಬ ಗಂಟಲಿನ ಕಾಯಿಲೆ ಹರಡಿತು. ಹಿಮದಿಂದಾಗಿ ಬೇರೆ ದಾರಿಯೇ ಇರಲಿಲ್ಲ. 20 ಮಂದಿ ಬಂಡಿಯವರು ಮತ್ತು ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸುತ್ತಾ, 1,085 ಕಿಲೋಮೀಟರ್ ದೂರಕ್ಕೆ ಐದೂವರೆ ದಿನದಲ್ಲಿ ಔಷಧ ಮುಟ್ಟಿಸಿದರು. ಅವುಗಳಲ್ಲಿ ತೋಗೋ ಮತ್ತು ಬಾಲ್ಟೋ ಎಂಬ ನಾಯಿಗಳ ಹೆಸರು ಇಂದಿಗೂ ಉಳಿದಿದೆ.

ಅಂಥ ಚಳಿಗೆ ಬೇಕಾದ ಮೈ ಅದು. ಹೊರಗೆ ಉದ್ದ ಕೂದಲು, ಒಳಗೆ ಹತ್ತಿಯಂಥ ದಟ್ಟ ಉಣ್ಣೆ. ಮಲಗುವಾಗ ಪೊದೆಯಂಥ ಬಾಲವನ್ನು ಮೂಗಿನ ಮೇಲೆ ಹೊದ್ದುಕೊಳ್ಳುತ್ತದೆ. ಆ ಬಾಲವೇ ಅದಕ್ಕೆ ಕಂಬಳಿ.

ಈಗ ನಮ್ಮ ಊರಿಗೆ ಬನ್ನಿ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ, ಅದೂ ಸ್ವಲ್ಪ. ಮೈಯ ಬಿಸಿ ಹೊರಹಾಕಲು ಅದಕ್ಕಿರುವ ಮುಖ್ಯ ದಾರಿ ಏದುಸಿರು. ನಾಲಿಗೆ ಮತ್ತು ಮೂಗಿನ ಒಳಗಿನ ತೇವ ಆವಿಯಾಗುವಾಗ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಆದರೆ ತೇವ ಆವಿಯಾಗಬೇಕಾದರೆ ಗಾಳಿ ಒಣಗಿರಬೇಕು. ಆಟಿ ತಿಂಗಳಲ್ಲಿ ನಮ್ಮ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ ಅಲ್ವಾ? ಅದೇ ಕಾರಣಕ್ಕೆ ಕರಾವಳಿಯ ನಾಯಿ ಎಷ್ಟು ಏದುಸಿರು ಬಿಟ್ಟರೂ ಬೇಗ ತಣ್ಣಗಾಗುವುದಿಲ್ಲ. ಬಳ್ಳಾರಿಯ 40 ಡಿಗ್ರಿಯ ಒಣ ಬಿಸಿಲಿಗಿಂತ ನಮ್ಮ 34 ಡಿಗ್ರಿಯ ಸೆಕೆ ನಾಯಿಗೆ ಸುಲಭ ಎಂದು ಅಂದುಕೊಳ್ಳಬಾರದು. ಕೂದಲು ಬೋಳಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅದೂ ತಪ್ಪು. ಹೊರಗಿನ ಕೂದಲೇ ಬಿಸಿಲು ನೇರ ಚರ್ಮಕ್ಕೆ ಬಡಿಯದಂತೆ ತಡೆಯುವುದು.

ಪಗ್ ಪಾಡು ಇನ್ನೂ ಕಷ್ಟ. ಅದು ಚೀನಾದ ಅರಮನೆಗಳಲ್ಲಿ ಮಡಿಲ ಮೇಲೆ ಬೆಳೆದ ನಾಯಿ. ಮುದ್ದು ಮುಖಕ್ಕೋಸ್ಕರ ಮೂಗನ್ನು ತಲೆಮಾರಿನಿಂದ ತಲೆಮಾರಿಗೆ ಚಪ್ಪಟೆ ಮಾಡುತ್ತಾ ಬಂದೆವು. ಎಲುಬು ಸಣ್ಣದಾಯಿತು, ಒಳಗಿನ ಮಾಂಸ ಅಷ್ಟು ಸಣ್ಣದಾಗಲಿಲ್ಲ. ಇಕ್ಕಟ್ಟಾದ ಆ ದಾರಿಯಲ್ಲೇ ಉಸಿರಾಡಬೇಕು, ಅಲ್ಲೇ ತಣ್ಣಗಾಗಬೇಕು. ಅದರ ಗೊರಕೆಯನ್ನು ನಾವು ಮುದ್ದು ಎನ್ನುತ್ತೇವೆ. ಅದು ಗಾಳಿಗಾಗಿ ಪಡುವ ಕಷ್ಟ. ಇಪ್ಪತ್ತು ವರ್ಷದ ಹಿಂದೆ ಟೀವಿಯ ಒಂದು ಮೊಬೈಲ್ ಜಾಹೀರಾತಿನಿಂದ ಮನೆಮನೆಗೆ ಬಂದ ನಾಯಿ ಇದು. ಮೇ ತಿಂಗಳ ಮಧ್ಯಾಹ್ನ ಅದನ್ನು ಬೀದಿಯಲ್ಲಿ ನಡೆಸುವುದನ್ನು ಕಂಡಾಗ ನನಗೆ ಹೊಟ್ಟೆಯೊಳಗೆ ಸಂಕಟ.

ಇಷ್ಟೊಂದು ಬಗೆ ಬಂದದ್ದಾದರೂ ಹೇಗೆ? ಎಲ್ಲ ನಾಯಿಗಳ ಮೂಲವೂ ತೋಳವೇ. ಜರ್ಮನಿಯ ಬಾನ್ ಹತ್ತಿರ 1914ರಲ್ಲಿ ಒಂದು ಹಳೆಯ ಗೋರಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ಮರಿನಾಯಿ. ಸುಮಾರು 14,000 ವರ್ಷ ಹಿಂದಿನದು. ಆ ಮರಿಯ ಹಲ್ಲುಗಳಲ್ಲಿ ಡಿಸ್ಟೆಂಪರ್ ಕಾಯಿಲೆಯ ಗುರುತಿದೆ. ಯಾರಾದರೂ ನೋಡಿಕೊಳ್ಳದೆ ಅದು ಅಷ್ಟು ದಿನ ಬದುಕುವುದು ಸಾಧ್ಯವಿರಲಿಲ್ಲ. ಏನೂ ಕೆಲಸಕ್ಕೆ ಬಾರದ ಕಾಯಿಲೆಯ ಮರಿಯನ್ನು ಯಾರೋ ವಾರಗಟ್ಟಲೆ ಆರೈಕೆ ಮಾಡಿದ್ದಾರೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ.

ಆದರೆ ಇಂದು ನಾವು ಹೆಸರಿಟ್ಟು ಕರೆಯುವ ಹೆಚ್ಚಿನ ತಳಿಗಳು ಇಷ್ಟು ಹಳೆಯವಲ್ಲ. ಅವು ಕಳೆದ ಇನ್ನೂರು ವರ್ಷಗಳವು. 1859ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನಾಯಿ ಪ್ರದರ್ಶನ ನಡೆಯಿತು. 1873ರಲ್ಲಿ ನಾಯಿ ತಳಿಗಳ ಲೆಕ್ಕ ಇಡುವ ಲಂಡನ್ನಿನ ಕೆನಲ್ ಕ್ಲಬ್ ಹುಟ್ಟಿತು. ಕಿವಿ ಹೀಗಿರಬೇಕು, ಬಾಲ ಹಾಗಿರಬೇಕು ಎಂದು ಬರೆದಿಟ್ಟರು. ಒಂದೇ ಬಳಗದೊಳಗೆ ಮರಿ ಮಾಡಿಸುತ್ತಾ ಹೋದರು. ರೂಪ ಗಟ್ಟಿಯಾಯಿತು, ಕಾಯಿಲೆಗಳೂ ಅದರ ಜೊತೆಗೇ ಗಟ್ಟಿಯಾದವು.

ಇಷ್ಟು ಬೇಗ ರೂಪ ಬದಲಾಗಲು ಕಾರಣ, ನಾಯಿಯಲ್ಲಿ ಕೆಲವೇ ವಂಶವಾಹಿಗಳು, ಅಂದರೆ ಜೀನ್‌ಗಳು ದೊಡ್ಡ ಕೆಲಸ ಮಾಡುತ್ತವೆ. ಎರಡು ಕಿಲೋದ ಚಿಹುವಾಹುವಾಗೂ 70 ಕಿಲೋದ ಗ್ರೇಟ್ ಡೇನ್‌ಗೂ ಇರುವ ಅಂತರದಲ್ಲಿ ಐಜಿಎಫ್-1 ಎಂಬ ಒಂದು ಜೀನ್‌ನ ಪಾಲು ದೊಡ್ಡದು ಎಂದು 2007ರಲ್ಲಿ ತಿಳಿಯಿತು. ಮೈ ಸಣ್ಣದಾಗಿಸುವ ಅದರ ರೂಪ 50,000 ವರ್ಷಕ್ಕೂ ಹಿಂದಿನ ತೋಳಗಳಲ್ಲೇ ಇತ್ತು ಎಂದು 2022ರಲ್ಲಿ ಗೊತ್ತಾಯಿತು. ಡಾಕ್ಸ್‌ಹುಂಡ್‌ನ ಗಿಡ್ಡ ಕಾಲು ಕೂಡ ಒಂದು ಜೀನ್‌ನ ಹೆಚ್ಚುವರಿ ಪ್ರತಿಯಿಂದ ಬಂದದ್ದು. ಜರ್ಮನ್‌ನಲ್ಲಿ 'ಡಾಕ್ಸ್' ಎಂದರೆ ಬ್ಯಾಡ್ಜರ್ ಎಂಬ ಬಿಲ ತೋಡುವ ಪ್ರಾಣಿ. ಆ ಬಿಲದೊಳಗೆ ನುಗ್ಗಲು ಗಿಡ್ಡ ಕಾಲು ಬೇಕಿತ್ತು. ಇಂದು ಅದೇ ನಾಯಿ ಫ್ಲ್ಯಾಟಿನ ಮೆಟ್ಟಿಲು ಹತ್ತಿ ಇಳಿದು, ಸೋಫಾದಿಂದ ಹಾರಿ, ಬೆನ್ನುಹುರಿಯ ನೋವಿಗೆ ಸಿಕ್ಕಿಬೀಳುತ್ತದೆ. ಅದಕ್ಕೆ ಬೆನ್ನು ನೋಯುವ ಸ್ವಭಾವ ಹುಟ್ಟಿನಿಂದಲೇ ಬಂದಿದೆ.

ನಮ್ಮ ಕರಾವಳಿಗೆ ತುಂಬಾ ಹತ್ತಿರದ ಕತೆ ಲ್ಯಾಬ್ರಡಾರ್‌ನದು. ಹೆಸರು ಕೇಳಿ ಅದು ಕೆನಡಾದ ಲ್ಯಾಬ್ರಡಾರ್‌ನಿಂದ ಬಂತು ಎಂದು ಅಂದುಕೊಳ್ಳುತ್ತೇವೆ. ಅದರ ಹಿರಿಯರು ಇದ್ದದ್ದು ಪಕ್ಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ, ಮೀನುಗಾರರ ಜೊತೆಗೆ. ಮಲ್ಪೆ ಕಡೆ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದ್ದೀರಾ? ಬಲೆಯ ಎರಡು ತುದಿಯ ಹಗ್ಗ ಹಿಡಿದು ಎರಡು ಸಾಲು ಜನ ದಡದಲ್ಲಿ ನಿಂತು ಎಳೆಯುತ್ತಾರೆ. ಆ ದ್ವೀಪದಲ್ಲಿ ಹಗ್ಗದ ತುದಿಯನ್ನು ಬಾಯಲ್ಲಿ ಕಚ್ಚಿ ತಣ್ಣನೆಯ ನೀರಿನಲ್ಲಿ ಈಜಿ ತರುವ ಕೆಲಸ ನಾಯಿಯದಾಗಿತ್ತು. ಗಾಳದಿಂದ ಜಾರಿದ ಮೀನನ್ನು ಹಿಡಿದು ತರುವುದೂ ಅದೇ. ಹಾಗಾಗಿ ಲ್ಯಾಬ್‌ನ ಕೂದಲಲ್ಲಿ ಎಣ್ಣೆಯ ಅಂಶ, ಬೆರಳ ನಡುವೆ ಪೊರೆ, ಚುಕ್ಕಾಣಿಯಂಥ ದಪ್ಪ ಬಾಲ. ನಿಮ್ಮ ಮನೆಯ ಲ್ಯಾಬ್ ಚಪ್ಪಲಿಯನ್ನು ಕಚ್ಚಿಕೊಂಡು ಬಂದು, ಅದನ್ನು ಹರಿಯದೆ ನಿಮ್ಮ ಮುಂದೆಯೇ ಇಡುತ್ತದಲ್ಲ, ಅದು ಹಳೆಯ ಆ ಕೆಲಸದ ನೆನಪು. ಇಂಗ್ಲೆಂಡಿನ ಶ್ರೀಮಂತರು ಈ ನಾಯಿಗಳನ್ನು ಹಡಗಿನಲ್ಲಿ ತರಿಸಿ, ಬೇಟೆಯ ಹಕ್ಕಿಗಳನ್ನು ಹೆಕ್ಕಿ ತರಲು ಬೆಳೆಸಿದರು. 1903ರಲ್ಲಿ ಅದಕ್ಕೆ ಪ್ರತ್ಯೇಕ ತಳಿಯ ಮಾನ್ಯತೆ ಸಿಕ್ಕಿತು. ದ್ವೀಪದಲ್ಲಿದ್ದ ಮೂಲ ನಾಯಿಯ ವಂಶ 1980ರ ದಶಕದಲ್ಲಿ ಮುಗಿಯಿತು.

ಲ್ಯಾಬ್‌ಗೆ ಯಾವಾಗಲೂ ಹಸಿವು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೂ ಕಾರಣ ಇದೆ. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕು ಇಲ್ಲ. ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. 2016ರಲ್ಲಿ ಕೇಂಬ್ರಿಜ್‌ನವರು ಇದನ್ನು ಕಂಡುಹಿಡಿದರು. ನಮ್ಮಲ್ಲಿ ಅಜ್ಜಿ ಒಂದು ದೋಸೆ ಹಾಕಿದರೆ ಮೊಮ್ಮಗ ಇನ್ನೊಂದು ಹಾಕುತ್ತಾನೆ. ಅದು ಬೇಡ ಎನ್ನುವುದಿಲ್ಲ, ಏಕೆಂದರೆ ಅದಕ್ಕೆ ಬೇಡ ಎಂದು ಅನಿಸುವುದೇ ಇಲ್ಲ. ಕೈ ಹಿಡಿಯಬೇಕಾದದ್ದು ನಾವು.

ಜರ್ಮನ್ ಶೆಪರ್ಡ್‌ಗೆ ನಮ್ಮ ಹಿರಿಯರು ಈಗಲೂ ಅಲ್ಸೇಶಿಯನ್ ಎನ್ನುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರಿಗೆ ಜರ್ಮನ್ ಎಂಬ ಪದವೇ ಬೇಡವಾಗಿದ್ದಾಗ ಹುಟ್ಟಿದ ಹೆಸರು ಅದು. 1899ರಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೈನ್ಯದ ಅಧಿಕಾರಿ ಒಂದು ಕುರಿನಾಯಿಯನ್ನು ಕೊಂಡು ಶುರುಮಾಡಿದ ತಳಿ. ಡಾಬರ್‌ಮನ್ ಕೂಡ ಅದೇ ದೇಶದ್ದು, ತೆರಿಗೆ ವಸೂಲಿಗೆ ಹೋಗುತ್ತಿದ್ದವನ ಹೆಸರನ್ನೇ ಹೊತ್ತಿದೆ. ಪಾಮೇರಿಯನ್ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಲೇಬೇಕು. ಉಡುಪಿ, ಮಂಗಳೂರಿನ ಮನೆಗಳಲ್ಲಿ ನಾವು ಪಾಮೇರಿಯನ್ ಎಂದು ಕರೆಯುವ ಬಿಳಿ ನಾಯಿ ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಸ್ಪಿಟ್ಜ್ ನಾಯಿಗಳಿಂದ ಇಲ್ಲೇ ಬೆಳೆದದ್ದು. ನಿಜವಾದ ಪಾಮೇರಿಯನ್ ಎರಡು ಮೂರು ಕಿಲೋದ ಗೊಂಬೆಯಂಥದ್ದು. ನಮ್ಮದು ಅದಕ್ಕಿಂತ ದೊಡ್ಡದು, ಈ ಹವೆಗೂ ಹೆಚ್ಚು ಒಗ್ಗಿದ್ದು.

ಕರ್ನಾಟಕದ ಹೆಮ್ಮೆ ಮುಧೋಳ. ಬಾಗಲಕೋಟೆಯ ಆ ಒಣ ಬಯಲನ್ನು ಒಮ್ಮೆ ನೋಡಿದರೆ ಈ ನಾಯಿ ಯಾಕೆ ಹೀಗಿದೆ ಎಂದು ತಾನಾಗಿ ಅರ್ಥವಾಗುತ್ತದೆ. ಕಣ್ಣು ಹಾಯಿಸಿದಷ್ಟು ದೂರ ಬಯಲು. ಅಲ್ಲಿ ವಾಸನೆಗಿಂತ ನೋಟ ಮುಖ್ಯ, ಓಟ ಮುಖ್ಯ. ಹಾಗಾಗಿ ಉದ್ದ ಕಾಲು, ಆಳವಾದ ಎದೆ, ಒಳಗೆ ಎಳೆದುಕೊಂಡ ಹೊಟ್ಟೆ, ಕಿರಿದಾದ ಉದ್ದ ತಲೆ. ಉದ್ದ ಮೂತಿಯ ನಾಯಿಗಳ ಕಣ್ಣಿನ ಒಳಪದರದಲ್ಲಿ ನೋಟದ ಕೋಶಗಳು ಅಡ್ಡಪಟ್ಟಿಯಂತೆ ಹರಡಿರುತ್ತವೆ. ದಿಗಂತದ ಅಂಚಿನಲ್ಲಿ ಏನು ಅಲುಗಾಡಿದರೂ ಗೊತ್ತಾಗುತ್ತದೆ. ಮೊಂಡು ಮೂತಿಯ ಪಗ್‌ಗೆ ಅವೇ ಕೋಶಗಳು ನಡುವೆ ಗುಂಪಾಗಿರುತ್ತವೆ. ಅದು ಎದುರಿಗೆ ಕುಳಿತವರ ಮುಖವನ್ನೇ ನೋಡುವುದು ಅದಕ್ಕೂ ಇರಬಹುದು.

ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳನ್ನು ಜತನದಿಂದ ಬೆಳೆಸಿದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಉಡುಗೊರೆಯಾಗಿಯೂ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ನಾಯಿಗಳ ಸ್ಟಾಂಪಿನಲ್ಲಿ ಮುಧೋಳವೂ ಇತ್ತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರ ಇದೆ. ಅಲ್ಲಿಂದ ಮರಿಗಳು ಮೀರತ್‌ಗೆ ಹೋಗಿ ಸೇನೆಯ ತರಬೇತಿ ಪಡೆದವು. ಆದರೆ ಹೆಮ್ಮೆಯಿಂದ ತಂದು ಮೂರನೇ ಮಹಡಿಯಲ್ಲಿ ಕಟ್ಟಿಹಾಕುವ ನಾಯಿ ಅದಲ್ಲ. ಓಡಲು ಜಾಗ ಇಲ್ಲದ ಮನೆಗೆ ಮುಧೋಳ ಬೇಡ ಎಂದೇ ನಾನು ಹೇಳುತ್ತೇನೆ.

ಬ್ರಹ್ಮಾವರದ ನಮ್ಮ ಮನೆಯಲ್ಲಿ ಕೆಂಚ ಇದ್ದಾನೆ. ಕೆಂಪು ಮೈ, ನೆಟ್ಟಗಿನ ಕಿವಿ, ಸುರುಳಿ ಬಾಲ. ಜನ ಕಂತ್ರಿ ನಾಯಿ ಎನ್ನುತ್ತಾರೆ. ಹಲವು ಜಾತಿ ಬೆರೆತು ಕೆಟ್ಟದ್ದು ಎಂಬ ಅರ್ಥ ಆ ಮಾತಿನಲ್ಲಿದೆ. ನಿಜ ಅದಕ್ಕೆ ಉಲ್ಟಾ. ಭಾರತದ ಹಳ್ಳಿ ನಾಯಿಗಳ ವಂಶವಾಹಿ ನೋಡಿದರೆ ಯುರೋಪಿನ ತಳಿಗಳ ಬೆರಕೆ ಕಡಿಮೆಯೇ. ಅವು ತಳಿ ಎಂಬ ಕಲ್ಪನೆಗಿಂತಲೂ ಹಳೆಯವು. ಯಾರೂ ಆರಿಸಿ ಮಾಡಿದ್ದಲ್ಲ, ಈ ಮಳೆ, ಈ ಸೆಕೆ, ಈ ಉಣ್ಣಿ ಜ್ವರ ಸೇರಿ ಆರಿಸಿದ್ದು. ಮೈಗಂಟಿದ ಗಿಡ್ಡ ಕೂದಲು, ಹಗುರ ಮೈ, ಉಸಿರಾಡಲು ಉದ್ದ ಮೂತಿ. ಸೆಕೆಗೆ ಬೇಕಾದದ್ದೆಲ್ಲ ಅವನಲ್ಲಿದೆ.

ಕೆಂಚನ ಊಟ ಕುಚ್ಚಲಕ್ಕಿ ಗಂಜಿ, ಅದರ ಮೇಲೆ ಬೇಯಿಸಿದ ಬೂತಾಯಿ. ತೋಳಕ್ಕೆ ಅಕ್ಕಿ ಸರಿಯಾಗಿ ಜೀರ್ಣವಾಗುವುದಿಲ್ಲ. ಪಿಷ್ಟವನ್ನು ಒಡೆಯುವ ಅಮೈಲೇಸ್ ಜೀನ್ ತೋಳದಲ್ಲಿ ಸಾಮಾನ್ಯವಾಗಿ ಎರಡೇ ಪ್ರತಿ. ಬೇಸಾಯದ ಜನರ ಜೊತೆ ಬಾಳಿದ ನಾಯಿಗಳಲ್ಲಿ ಅದು ಹತ್ತು, ಇಪ್ಪತ್ತು, ಮೂವತ್ತರವರೆಗೂ ಏರಿದೆ ಎಂದು 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಹಿಮದ ನಾಡಿನ ಹಸ್ಕಿಯಲ್ಲಿ ಪ್ರತಿಗಳು ಕಡಿಮೆ. ಅನ್ನ ಬೇಯಿಸಿದ ಅಡುಗೆಮನೆಯ ಬಾಗಿಲಲ್ಲಿ ಕಾದು ಕಾದು ನಾಯಿಯ ಹೊಟ್ಟೆಯೇ ಬದಲಾಯಿತು.

ಹಾಗಾದರೆ ಜಾತಿ ನೋಡಿ ಸ್ವಭಾವ ಹೇಳಬಹುದಾ? ಅಮೆರಿಕದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮನೆಯವರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿದರು. 2022ರಲ್ಲಿ ಬಂದ ಉತ್ತರ ಇದು: ಒಂದೊಂದು ನಾಯಿಯ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9 ಶೇಕಡಾ. ಎಸೆದದ್ದನ್ನು ಹೆಕ್ಕಿ ತರುವುದು, ಮಾತು ಕೇಳುವುದು ಇಂಥ ಗುಣಗಳಲ್ಲಿ ತಳಿ ಸ್ವಲ್ಪ ಜಾಸ್ತಿ ಕಾಣುತ್ತದೆ. ಯಾವ ನಾಯಿ ಸಿಟ್ಟಾಗುತ್ತದೆ ಎಂಬುದರಲ್ಲಿ ಬಹಳ ಕಡಿಮೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ದೊಡ್ಡ ದವಡೆಯ ನಾಯಿ ಕಚ್ಚಿದರೆ ಗಾಯ ದೊಡ್ಡದು, ಅದು ನಿಜ. ಆದರೆ ಕಚ್ಚುವ ಹಾಗೆ ಆಗುವುದು ಹೆಚ್ಚಾಗಿ ಅದು ಬೆಳೆದ ರೀತಿಯಿಂದ, ಹಗಲಿಡೀ ಬಿದ್ದ ಸರಪಳಿಯಿಂದ, ಮರಿಯಾಗಿದ್ದಾಗ ಜನರನ್ನೇ ಕಾಣದೆ ಬೆಳೆದದ್ದರಿಂದ.

ಮೇಲಿನ ಮನೆಯ ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಈಗ ಅವನು ಬೆಳಿಗ್ಗೆ ಐದಕ್ಕೇ ಏಳುತ್ತಾನೆ. ಭಾನುವಾರ ಅಪ್ಪನ ಜೊತೆ ಪಣಂಬೂರಿಗೆ ಹೋಗುತ್ತಾನೆ. ಬಿಸಿಲು ಬರುವ ಮೊದಲು, ನೀರು ತಾಗಿ ತಣ್ಣಗಾದ ಮರಳಿನ ಮೇಲೆ. ಹೋದ ವಾರ ಅಂಗೈ ತೋರಿಸಿದ. ಹಗ್ಗ ಉಜ್ಜಿ ಕೆಂಪಾಗಿತ್ತು.

"ಎಷ್ಟು ಎಳೀತದೆ ಗೊತ್ತುಂಟಾ ಆಂಟಿ? ನಿಲ್ಲುದೇ ಇಲ್ಲ."

"ಎಳೆಯುವುದಕ್ಕೇ ಹುಟ್ಟಿದ್ದಲ್ವಾ ಅದು" ಎಂದೆ. ಮುಂದಿನ ವಾರ ಎದೆಪಟ್ಟಿ ತರುತ್ತೇನೆ ಎಂದ, ಕುತ್ತಿಗೆಗೆ ನೋವಾಗದ ಹಾಗೆ.